ರಿಪೇರ್ ಬಟನ್‌ನ ಹಿಂದೆ ಸಿಕ್ಕ ಸಿಸ್ಟಮ್ ಅಧಿಕಾರ

ಸಾಧಾರಣ ಯೂಸರ್ ಅಕೌಂಟ್‌ನಿಂದ ಅಡ್ಮಿನ್ ಆಗುವ ದಾರಿ ಹುಡುಕುವುದು ನನ್ನ ಕೆಲಸ. ಕಂಪನಿಗಳು ತಮ್ಮ ನೌಕರರಿಗೆ ಕೊಡುವಂಥದ್ದೇ ಒಂದು ಲ್ಯಾಪ್‌ಟಾಪ್ ಕೊಡುತ್ತವೆ. ಜೊತೆಗೆ ಯಾವ ಅಧಿಕಾರವೂ ಇಲ್ಲದ ಒಂದು ಲಾಗಿನ್. ಅಲ್ಲಿಂದ ಎಲ್ಲಿಯವರೆಗೆ ಹೋಗಬಹುದು ಅಂತ ನೋಡಿ ಹೇಳಬೇಕು.

ಇಂಥ ಕೆಲಸದಲ್ಲಿ ನಾನು ಮೊದಲು ಕೈ ಹಾಕುವುದು ಇನ್‌ಸ್ಟಾಲರ್‌ಗೆ. ಅಲ್ಲಿ ಕೇಳುವವನು ಒಬ್ಬ, ಮಾಡುವವನು ಇನ್ನೊಬ್ಬ. ಕೇಳುವವನು ಬರೀ ಯೂಸರ್. ಫೈಲ್ ಬರೆಯುವುದು, ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಕೂರಿಸುವುದು, ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ಜಾಗ) ತಿದ್ದುವುದು ಸಿಸ್ಟಮ್ ಅಕೌಂಟ್. ಅದು ಅಡ್ಮಿನ್‌ಗಿಂತಲೂ ಒಂದು ಕೈ ಮೇಲೆ. ಇವರಿಬ್ಬರ ನಡುವೆ ಎಲ್ಲಾದರೂ ಸಂದು ಇದ್ದರೆ ನನಗೆ ಅಷ್ಟು ಸಾಕು.

ಇಲ್ಲಿ ಹೇಳುತ್ತಿರುವುದು ವಿಂಡೋಸ್‌ನಲ್ಲಿ ಸಿಕ್ಕ ಒಂದು ತೊಂದರೆಯ ಕಥೆ. ಸಾಫ್ಟ್‌ವೇರ್ ಮಾಡಿದವರ ಹೆಸರು ಹೇಳುವುದಿಲ್ಲ. ಎಷ್ಟೋ ಕಂಪನಿಗಳ ಎಂಎಸ್‌ಐ ಫೈಲ್‌ಗಳಲ್ಲಿ (ವಿಂಡೋಸ್‌ನಲ್ಲಿ ಸಾಫ್ಟ್‌ವೇರ್ ಹಾಕುವ ಪ್ಯಾಕೇಜ್ ಇದು) ಇದೇ ಜಾತಿಯ ತಪ್ಪು ಸಿಕ್ಕಿದೆ, ಒಬ್ಬರನ್ನೇ ದೂರಿ ಪ್ರಯೋಜನವಿಲ್ಲ.

ಮೊದಲಿಗೆ ಸುಲಭದ್ದು. 'ಆಲ್ವೇಸ್ ಇನ್‌ಸ್ಟಾಲ್ ಎಲಿವೇಟೆಡ್' ಅಂತ ಒಂದು ಪಾಲಿಸಿ ಇದೆ. ರಿಜಿಸ್ಟ್ರಿಯಲ್ಲಿ ಮಷೀನ್ ಭಾಗ ಮತ್ತು ಯೂಸರ್ ಭಾಗ ಎರಡರಲ್ಲೂ ಅದು 1 ಆಗಿದ್ದರೆ, ಯಾವ ಯೂಸರ್ ಯಾವ ಎಂಎಸ್‌ಐ ಓಡಿಸಿದರೂ ಅದು ಸಿಸ್ಟಮ್ ಅಧಿಕಾರದಲ್ಲಿ ಓಡುತ್ತದೆ. ಇದನ್ನು ಆನ್ ಮಾಡಬೇಡಿ ಅಂತ ಮೈಕ್ರೋಸಾಫ್ಟ್‌ನ ದಾಖಲೆಗಳೇ ಎಚ್ಚರಿಸುತ್ತವೆ. ಆದರೂ ಹೆಲ್ಪ್‌ಡೆಸ್ಕ್‌ಗೆ ಬರುವ ಕರೆ ಕಡಿಮೆಯಾಗಲಿ ಅಂತ ಆನ್ ಮಾಡಿಟ್ಟವರನ್ನು ನೋಡಿದ್ದೇನೆ. ಈ ಮಷೀನ್‌ನಲ್ಲಿ ಅದು ಆಫ್ ಇತ್ತು. ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಮುಂದಿನದು ಸಿಗುತ್ತಿರಲಿಲ್ಲ.

ಒಂದು ಎಂಎಸ್‌ಐ ಇನ್‌ಸ್ಟಾಲ್ ಆದ ಮೇಲೆ ವಿಂಡೋಸ್ ಅದರ ಒಂದು ಪ್ರತಿಯನ್ನು ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನಲ್ಲಿ ಇನ್‌ಸ್ಟಾಲರ್ ಅನ್ನುವ ಅಡಗಿಸಿಟ್ಟ ಫೋಲ್ಡರ್ ಇದೆ. ಒಳಗೆ ಅರ್ಥವಾಗದ ಹೆಸರಿನ ಫೈಲ್‌ಗಳು ತುಂಬಿರುತ್ತವೆ. ಎಕ್ಸ್‌ಪ್ಲೋರರ್‌ನಲ್ಲಿ ಸಬ್ಜೆಕ್ಟ್ ಕಾಲಂ ತೋರಿಸಿಕೊಂಡರೆ ಯಾವುದು ಯಾವ ಸಾಫ್ಟ್‌ವೇರ್ ಅಂತ ಹೆಚ್ಚಾಗಿ ಗೊತ್ತಾಗುತ್ತದೆ. ಅಲ್ಲಿ ಬರೆಯಲು ಯೂಸರ್‌ಗೆ ಅನುಮತಿ ಇಲ್ಲ, ಓದಲು ಇದೆ. ನನಗೆ ಬೇಕಿದ್ದದ್ದು ಓದುವುದಷ್ಟೇ.

ಎಂಎಸ್‌ಐ ಅಂದರೆ ನಿಜಕ್ಕೂ ಒಂದು ಸಣ್ಣ ಡೇಟಾಬೇಸ್. ಓರ್ಕಾ ಅನ್ನುವ ಮೈಕ್ರೋಸಾಫ್ಟ್‌ನದೇ ಟೂಲ್‌ನಲ್ಲಿ ತೆರೆದರೆ ಟೇಬಲ್‌ಗಳು ಕಾಣುತ್ತವೆ. ನಾನು ನೇರ ಹೋಗುವುದು ಕಸ್ಟಮ್ ಆಕ್ಷನ್ ಟೇಬಲ್‌ಗೆ. ಸಾಫ್ಟ್‌ವೇರ್ ಮಾಡಿದವರು ತಮ್ಮದೇ ಕೋಡ್ ಸೇರಿಸುವ ಜಾಗ ಅದು. ಪ್ರತಿ ಸಾಲಿಗೂ ಟೈಪ್ ಅಂತ ಒಂದು ಸಂಖ್ಯೆ ಇರುತ್ತದೆ. ಅದರಲ್ಲಿ 1024ರ ಬಿಟ್ ಇದ್ದರೆ ಆ ಕೆಲಸವನ್ನು ಆಮೇಲೆ ಇನ್‌ಸ್ಟಾಲರ್ ಸರ್ವಿಸ್ ಮಾಡುತ್ತದೆ. 2048 ಕೂಡ ಇದ್ದರೆ ಯೂಸರ್‌ನ ವೇಷ ಹಾಕಿಕೊಳ್ಳದೆ, ಸಿಸ್ಟಮ್ ಆಗಿಯೇ ಮಾಡುತ್ತದೆ. ಎರಡೂ ಇರುವ ಸಾಲುಗಳನ್ನು ಮಾತ್ರ ಪಕ್ಕಕ್ಕೆ ಬರೆದುಕೊಳ್ಳುತ್ತೇನೆ.

ಆಮೇಲಿನ ಪ್ರಶ್ನೆ ಒಂದೇ: ಈ ಸಾಲು ರಿಪೇರ್‌ನಲ್ಲೂ ಓಡುತ್ತದಾ? ಹೊಸದಾಗಿ ಇನ್‌ಸ್ಟಾಲ್ ಮಾಡಲು ಅಡ್ಮಿನ್ ಬೇಕು, ಅಲ್ವಾ? ಆದರೆ ಆಗಲೇ ಇರುವುದನ್ನು ರಿಪೇರ್ ಮಾಡಲು ಆಗ ಅಡ್ಮಿನ್ ಬೇಕಿರಲಿಲ್ಲ. ಒಮ್ಮೆ ಅಡ್ಮಿನ್ ಒಪ್ಪಿ ಹಾಕಿದ ಪ್ಯಾಕೇಜ್ ಅದು, ಮತ್ತೆ ಸರಿಪಡಿಸುವುದರಲ್ಲಿ ಏನು ತಪ್ಪು ಅನ್ನುವುದು ಅದರ ಲೆಕ್ಕ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ರಿಪೇರ್ ಬಟನ್ ಕಾಣದಂತೆ ಮಾಡಬಹುದು. ಅದರಿಂದ ಬಟನ್ ಮಾಯವಾಗುತ್ತದೆ ಅಷ್ಟೇ. ಕಮಾಂಡ್ ಲೈನ್‌ನಿಂದ ರಿಪೇರ್ ಶುರು ಮಾಡುವುದಕ್ಕೆ ಅದು ಅಡ್ಡಿಯಲ್ಲ. "ನಮ್ಮಲ್ಲಿ ಬಟನ್ನೇ ಇಲ್ಲವಲ್ಲ" ಅನ್ನುವವರಿಗೆ ಇದನ್ನು ಪದೇಪದೇ ಹೇಳಬೇಕಾಗಿದೆ.

ಅದೇ ಲ್ಯಾಪ್‌ಟಾಪ್‌ನ ಒಂದು ಪ್ರತಿಯನ್ನು ವರ್ಚುವಲ್ ಮಷೀನ್‌ನಲ್ಲಿ ಎಬ್ಬಿಸಿಕೊಂಡೆ. ಕೆಟ್ಟರೆ ಸ್ನ್ಯಾಪ್‌ಶಾಟ್‌ಗೆ ಹಿಂದಿರುಗಬಹುದು. ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟುತ್ತಿದೆ ಅಂತ ದಾಖಲಿಸುವ ಪ್ರೊಸೆಸ್ ಮಾನಿಟರನ್ನು ಅಡ್ಮಿನ್ ಆಗಿ ಓಡಲು ಬಿಟ್ಟು, ಯೂಸರ್ ಆಗಿ ರಿಪೇರ್ ಒತ್ತಿದೆ. ಫಿಲ್ಟರ್ ಇಷ್ಟೇ: ಮಾಡುತ್ತಿರುವುದು ಸಿಸ್ಟಮ್, ಮುಟ್ಟುತ್ತಿರುವುದು ಯೂಸರ್ ಬರೆಯಬಹುದಾದ ಜಾಗ. ಲಕ್ಷಗಟ್ಟಲೆ ಸಾಲುಗಳಲ್ಲಿ ಕೊನೆಗೆ ಬೆರಳೆಣಿಕೆಯಷ್ಟು ಉಳಿದವು.

ಉಳಿದವುಗಳಲ್ಲಿ ಒಂದು ಪ್ರೋಗ್ರಾಂಡೇಟಾ ಫೋಲ್ಡರಿನದು. ಇನ್‌ಸ್ಟಾಲರ್ ಅಲ್ಲಿ ತನ್ನದೊಂದು ಫೋಲ್ಡರ್ ಮಾಡಿ, ಒಂದು ಸಣ್ಣ ಪ್ರೋಗ್ರಾಂ ಬಿಚ್ಚಿಟ್ಟು, ಅದನ್ನು ಸಿಸ್ಟಮ್ ಆಗಿ ಓಡಿಸಿ, ಕೆಲಸ ಮುಗಿದ ಮೇಲೆ ಎಲ್ಲ ಅಳಿಸಿಬಿಡುತ್ತಿತ್ತು. ಅಳಿಸುವುದರಿಂದ ಮುಗಿದ ಮೇಲೆ ನೋಡಿದರೆ ಏನೂ ಕಾಣುವುದಿಲ್ಲ. ಮಾಡಿದವರಿಗೂ ಅದು ಅಚ್ಚುಕಟ್ಟಾದ ಕೆಲಸ ಅನ್ನಿಸಿರಬೇಕು.

ತೊಂದರೆ ಇರುವುದು ಪ್ರೋಗ್ರಾಂಡೇಟಾದ ಸ್ವಭಾವದಲ್ಲಿ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಅಲ್ಲಿ ಯಾರು ಬೇಕಾದರೂ ಹೊಸ ಫೋಲ್ಡರ್ ಮಾಡಬಹುದು. ಮಾಡಿದವರೇ ಅದರ ಮಾಲೀಕರು. ರಿಪೇರ್‌ಗೆ ಮುಂಚೆಯೇ ಅದೇ ಹೆಸರಿನ ಫೋಲ್ಡರನ್ನು ನಾನು ಮಾಡಿಟ್ಟರೆ? ಇನ್‌ಸ್ಟಾಲರ್ ಬಂದು ನೋಡುತ್ತದೆ, ಫೋಲ್ಡರ್ ಇದೆ, ಸರಿ ಅಂತ ಅದರಲ್ಲೇ ಫೈಲ್ ಇಡುತ್ತದೆ. ಆದರೆ ಫೋಲ್ಡರ್ ನನ್ನದು. ಅದರ ಪರ್ಮಿಷನ್ ನಾನು ಇಟ್ಟದ್ದು. ಆ ಪ್ರೋಗ್ರಾಂ ಶುರುವಾಗುವಾಗ ಒಂದು ಡಿಎಲ್‌ಎಲ್ ಫೈಲನ್ನು (ಪ್ರೋಗ್ರಾಂ ತನ್ನೊಳಗೆ ಸೇರಿಸಿಕೊಂಡು ಓಡಿಸುವ ಕೋಡ್) ಮೊದಲು ತನ್ನ ಫೋಲ್ಡರಿನಲ್ಲೇ ಹುಡುಕುತ್ತಿತ್ತು, ಸಿಗದಿದ್ದರೆ ವಿಂಡೋಸ್‌ನದನ್ನು ಎತ್ತಿಕೊಳ್ಳುತ್ತಿತ್ತು. ಆ ಹೆಸರಿನ ನನ್ನ ಫೈಲನ್ನು ಅಲ್ಲಿಟ್ಟರೆ ಅದೇ ಸಿಸ್ಟಮ್ ಆಗಿ ಓಡುತ್ತದೆ. ಬೇಲಿಯೇ ಎದ್ದು ಹೊಲ ಮೇಯಲು ಇಷ್ಟು ಸಾಕು.

ಪುರಾವೆಗಾಗಿ ನಾನು ಬರೆದ ಡಿಎಲ್‌ಎಲ್ ಬೇರೇನೂ ಮಾಡುತ್ತಿರಲಿಲ್ಲ, ತಾನು ಯಾರ ಹೆಸರಿನಲ್ಲಿ ಓಡುತ್ತಿದ್ದೇನೆ ಅಂತ ಒಂದು ಫೈಲ್‌ಗೆ ಬರೆಯುತ್ತಿತ್ತು. ರಿಪೇರ್ ಮುಗಿದ ಮೇಲೆ ಆ ಫೈಲ್‌ನಲ್ಲಿ 'ಎನ್‌ಟಿ ಅಥಾರಿಟಿ ಸಿಸ್ಟಮ್' ಅಂತ ಇತ್ತು. ಅಷ್ಟಕ್ಕೇ ನಿಲ್ಲಿಸಿದೆ. ಹೊಸ ಅಡ್ಮಿನ್ ಅಕೌಂಟ್ ಮಾಡಿ ತೋರಿಸುವುದು, ಪಾಸ್‌ವರ್ಡ್ ಎತ್ತಿ ತೋರಿಸುವುದು ನನಗೆ ಇಷ್ಟವಿಲ್ಲ. ವರದಿ ಓದುವವರಿಗೆ ಆ ಒಂದು ಸಾಲು ಅರ್ಥವಾಗದಿದ್ದರೆ ಮಿಕ್ಕಿದ್ದೂ ಅರ್ಥವಾಗುವುದಿಲ್ಲ.

ಸಾಫ್ಟ್‌ವೇರ್ ಮಾಡಿದವರಿಂದ ಮೊದಲು ಬಂದ ಉತ್ತರ ನಿರೀಕ್ಷಿಸಿದ್ದೇ. "ಮಷೀನ್‌ಗೆ ಲಾಗಿನ್ ಆಗಿರಬೇಕಲ್ಲ, ಹಾಗಾದರೆ ಅಪಾಯ ಕಡಿಮೆ." ಈ ಮಾತಿಗೆ ನಾನು ಜಗ್ಗುವುದಿಲ್ಲ. ಕಳ್ಳ ಮೇಲ್‌ನ ಲಿಂಕ್ ಒತ್ತಿದ ನೌಕರ ಲಾಗಿನ್ ಆಗಿಯೇ ಇರುತ್ತಾನೆ. ಮಾಲ್‌ವೇರ್‌ಗೆ ಅಲ್ಲಿಂದ ಮುಂದೆ ಬೇಕಿರುವುದೇ ಈ ಒಂದು ಮೆಟ್ಟಿಲು. ಆಂಟಿವೈರಸ್ ಆಫ್ ಮಾಡಲು, ಮೆಮೊರಿಯಲ್ಲಿರುವ ಬೇರೆಯವರ ಪಾಸ್‌ವರ್ಡ್ ಎತ್ತಲು ಸಿಸ್ಟಮ್ ಅಧಿಕಾರ ಬೇಕು.

ಅವರ ಮೊದಲ ಪ್ಯಾಚ್ ನನಗೆ ಒಪ್ಪಿಗೆಯಾಗಲಿಲ್ಲ. ಫೋಲ್ಡರ್ ಆಗಲೇ ಇದ್ದರೆ ಅದರೊಳಗಿನ ಫೈಲ್‌ಗಳನ್ನು ಅಳಿಸಿ ಮತ್ತೆ ಬಿಚ್ಚಿಡುವಂತೆ ಮಾಡಿದ್ದರು. ಆದರೆ ಫೋಲ್ಡರಿನ ಮಾಲೀಕ ಇನ್ನೂ ಯೂಸರೇ. ಅಳಿಸುವುದಕ್ಕೂ ಓಡಿಸುವುದಕ್ಕೂ ನಡುವೆ ಒಂದು ಕ್ಷಣ ಇದೆ. ಆ ಕ್ಷಣಕ್ಕೆ ಕಾದು ಕುಳಿತ ಪ್ರೋಗ್ರಾಂ ಗೆದ್ದುಬಿಡುತ್ತದೆ. ಪರೀಕ್ಷಿಸುವ ಹೊತ್ತಿಗೂ ಬಳಸುವ ಹೊತ್ತಿಗೂ ನಡುವಿನ ಈ ಸಂದು ಇನ್‌ಸ್ಟಾಲರ್‌ಗಳ ಹಳೆಯ ರೋಗ. ಎರಡನೆಯ ಪ್ಯಾಚ್‌ನಲ್ಲಿ ಆ ಪ್ರೋಗ್ರಾಂ ಬಿಚ್ಚಿಡುವುದನ್ನೇ ಕೈಬಿಟ್ಟು, ಆಗಲೇ ಪ್ರೋಗ್ರಾಂ ಫೈಲ್ಸ್‌ನಲ್ಲಿ ಕೂತಿರುವ ಪ್ರತಿಯನ್ನು ಬಳಸಿದರು. ಅಲ್ಲಿ ಯೂಸರ್ ಬರೆಯಲಾಗದು. ಇದೇ ಸರಿಯಾದ ದಾರಿ.

ಒಂದೇ ಪ್ಯಾಚ್‌ನಲ್ಲಿ ಮುಗಿಯದಿರುವುದು ಅವರೊಬ್ಬರ ಕಥೆಯಲ್ಲ. ವಿಂಡೋಸ್ ಇನ್‌ಸ್ಟಾಲರ್‌ನದೇ ಸಿವಿಇ-2021-41379 ನೋಡಿ. ಸಿವಿಇ ಅಂದರೆ ಬಯಲಾದ ಭದ್ರತಾ ತಪ್ಪುಗಳಿಗೆ ಕೊಡುವ ಗುರುತಿನ ಸಂಖ್ಯೆ. 2021ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಿತು. ಅದನ್ನು ಕಂಡುಹಿಡಿದಿದ್ದ ಅಬ್ದೆಲ್‌ಹಮೀದ್ ನಾಸೆರಿ ಪ್ಯಾಚ್ ಬಿಚ್ಚಿ ನೋಡಿ, ಅದೇ ತಿಂಗಳು ಅದನ್ನು ದಾಟುವ ಕೋಡನ್ನು ಎಲ್ಲರ ಮುಂದೆ ಇಟ್ಟರು.

ನನ್ನ ಈ ಕೆಲಸ 2024ರ ಸೆಪ್ಟೆಂಬರ್‌ಗೆ ಮುಂಚಿನದು. ಆ ತಿಂಗಳು ಸಿವಿಇ-2024-38014ಕ್ಕೆ ಪ್ಯಾಚ್ ಬಂತು. ರಿಪೇರ್ ನಡೆಯುವಾಗ ಸಿಸ್ಟಮ್ ಅಧಿಕಾರದ ಕಪ್ಪು ಕಮಾಂಡ್ ವಿಂಡೋ ಒಂದು ಕ್ಷಣ ಮಿಂಚಿ ಹೋಗುವುದನ್ನು ನೀವೂ ನೋಡಿರಬಹುದು. ಅದನ್ನು ಹಿಡಿದು ನಿಲ್ಲಿಸಿದರೆ ಅದರಿಂದಲೇ ಮೇಲೆ ಹತ್ತಬಹುದಿತ್ತು. ಪ್ಯಾಚ್ ನಂತರ ರಿಪೇರ್‌ಗೆ ಅಡ್ಮಿನ್ ಒಪ್ಪಿಗೆ ಕೇಳತೊಡಗಿತು. 2025ರ ಆಗಸ್ಟ್‌ನಲ್ಲಿ ಇನ್ನೂ ಬಿಗಿ ಮಾಡಿದಾಗ ಆಟೊಕ್ಯಾಡ್‌ನಂಥ ಪ್ರೋಗ್ರಾಂ ತೆರೆದರೂ ಅಡ್ಮಿನ್ ಪಾಸ್‌ವರ್ಡ್ ಕೇಳುವಂತಾಯಿತು. ಮುಂದಿನ ತಿಂಗಳು ಸಡಿಲಿಸಿ, ಕೆಲವು ಪ್ರೋಗ್ರಾಂಗಳಿಗೆ ವಿನಾಯಿತಿ ಕೊಡುವ ಪಟ್ಟಿ ತಂದರು. ಆ ಪಟ್ಟಿಗೆ ಏನನ್ನು ಸೇರಿಸಿದ್ದಾರೆ ಅಂತ ಈಗ ನಾನು ತಪ್ಪದೆ ನೋಡುತ್ತೇನೆ.

ಮ್ಯಾಕ್ ಮತ್ತು ಲಿನಕ್ಸ್ ಇದರಿಂದ ಹೊರತಲ್ಲ. ಮ್ಯಾಕ್‌ನಲ್ಲಿ ಜಡ್‌ಶೆಲ್‌ನಲ್ಲಿ (ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ) ಬರೆದ ಇನ್‌ಸ್ಟಾಲ್ ಸ್ಕ್ರಿಪ್ಟ್ ರೂಟ್ ಆಗಿ, ಅಂದರೆ ಅಲ್ಲಿನ ಎಲ್ಲಕ್ಕಿಂತ ಮೇಲಿನ ಅಕೌಂಟ್ ಆಗಿ ಓಡುವಾಗ, ಯೂಸರ್‌ನ ಹೋಮ್ ಫೋಲ್ಡರಿನ ಶೆಲ್ ಸೆಟ್ಟಿಂಗ್ ಫೈಲನ್ನೂ ಓದಿಬಿಡುತ್ತಿತ್ತು. ಅದರಲ್ಲಿ ಯೂಸರ್ ಏನು ಬರೆದಿದ್ದರೂ ರೂಟ್ ಆಗಿ ಓಡುತ್ತಿತ್ತು. ಅದು ಸಿವಿಇ-2024-27822, ಮ್ಯಾಕ್‌ಒಎಸ್ 14.5ರಲ್ಲಿ ಸರಿಯಾಯಿತು. ಲಿನಕ್ಸ್‌ನಲ್ಲಿ ಪ್ಯಾಕೇಜ್ ಹಾಕಿದ ಮೇಲೆ ಯಾವ ಸರ್ವಿಸ್ ಮರುಪ್ರಾರಂಭಿಸಬೇಕು ಅಂತ ನೋಡುವ ನೀಡ್‌ರೀಸ್ಟಾರ್ಟ್ ಇದೆ. ಅದು ಯೂಸರ್‌ನ ಪ್ರೊಸೆಸ್‌ನಿಂದ ಪೈಥಾನ್ ಪಾತ್ (ಪೈಥಾನ್ ತನಗೆ ಬೇಕಾದ ಕೋಡ್ ಹುಡುಕುವ ಜಾಗಗಳ ಪಟ್ಟಿ) ಎತ್ತಿಕೊಂಡು ರೂಟ್ ಆಗಿ ಪೈಥಾನ್ ಓಡಿಸುತ್ತಿತ್ತು. 2014ರಿಂದ ಇದ್ದ ಆ ತಪ್ಪು ಹೊರಬಿದ್ದದ್ದು 2024ರ ನವೆಂಬರ್‌ನಲ್ಲಿ.

ಕಂಪನಿಯ ಮಷೀನ್‌ಗಳಲ್ಲಿ ಹಳೆಯ ಆವೃತ್ತಿ ಎಲ್ಲೆಲ್ಲಿ ಉಳಿದಿದೆ ಅಂತ ಹುಡುಕುವುದು ಕೊನೆಯ ಕೆಲಸ. ಅಲ್ಲಿ ಒಂದು ಎಚ್ಚರಿಕೆ. ವಿಂಡೋಸ್‌ನ ಕಮಾಂಡ್ ಟೂಲ್ ಆದ ಪವರ್‌ಶೆಲ್‌ನಲ್ಲಿ 'ವಿನ್32 ಪ್ರಾಡಕ್ಟ್' ಕೇಳಿ ಸಾಫ್ಟ್‌ವೇರ್‌ಗಳ ಪಟ್ಟಿ ಮಾಡುವುದು ಸಲೀಸು ಅನ್ನಿಸುತ್ತದೆ. ಆದರೆ ಹಾಗೆ ಕೇಳಿದರೆ ವಿಂಡೋಸ್ ಪ್ರತಿ ಎಂಎಸ್‌ಐಯನ್ನೂ ಸರಿಯಿದೆಯಾ ಅಂತ ಪರೀಕ್ಷಿಸಲು ಹೊರಡುತ್ತದೆ, ಸರಿಯಿಲ್ಲದಿದ್ದರೆ ರಿಪೇರ್ ಮಾಡಲೂಬಹುದು. ಯಾವ ರಿಪೇರ್‌ಗೆ ಹೆದರುತ್ತಿದ್ದೇವೋ ಅದನ್ನೇ ಎಲ್ಲ ಮಷೀನ್‌ಗಳಲ್ಲಿ ಒಟ್ಟಿಗೆ ಶುರು ಮಾಡಿದಂತಾಗುತ್ತದೆ. ಹಾಗಾಗಿ ರಿಜಿಸ್ಟ್ರಿಯ ಅನ್‌ಇನ್‌ಸ್ಟಾಲ್ ಕೀಲಿಗಳನ್ನು ಸುಮ್ನೆ ಓದಿ, ಹಳೆಯ ಆವೃತ್ತಿಯ ಪ್ರಾಡಕ್ಟ್ ಕೋಡ್ (ಪ್ಯಾಕೇಜ್‌ನ ಗುರುತಿನ ಸಂಖ್ಯೆ) ಇರುವ ಮಷೀನ್‌ಗಳ ಪಟ್ಟಿಯನ್ನು ಅವರ ಐಟಿ ತಂಡಕ್ಕೆ ಕೊಟ್ಟೆ. ತೆಗೆದು ಹಾಕುವ ಕೆಲಸವನ್ನು ಅಲ್ಲಿಂದ ಅವರು ನೋಡಿಕೊಂಡರು.