ಮೊದಲು ಬಂಡೆ, ಆಮೇಲೆ ದೋಸೆ

ನಾನು ಹುಟ್ಟಿ ಬೆಳೆದಿದ್ದು ಬೆಂಗಳೂರಿನ ಎನ್.ಆರ್. ಕಾಲೊನಿಯಲ್ಲಿ. ಊರಿಂದ ಯಾರೇ ನೆಂಟರು ಬಂದರೂ ಲಾಲ್‌ಬಾಗ್, ಬಸವನಗುಡಿ ತೋರಿಸೋ ಕೆಲಸ ನನ್ನದೇ. ಇಪ್ಪತ್ತು ವರ್ಷದಿಂದ ಮಾಡಿಕೊಂಡು ಬಂದಿದ್ದೇನೆ. ನನಗೆ ಇದಕ್ಕಿಂತ ಇಷ್ಟದ ಕೆಲಸ ಇನ್ನೊಂದಿಲ್ಲ.

ಶುರುವಿನಲ್ಲಿ ಸರಿಯಾಗಿ ಮಾಡುತ್ತಿರಲಿಲ್ಲ. ಸಾಗರದಿಂದ ಸೋದರತ್ತೆ ಬಂದಾಗ ಒಂದೇ ದಿನದಲ್ಲಿ ಎಲ್ಲ ತೋರಿಸಲು ಹೊರಟೆ. ಎದ್ದ ಕೂಡಲೇ ಮನೆಯಲ್ಲಿ ತಿಂಡಿ, ಆಮೇಲೆ ಕಾರು, ಹತ್ತು ಗಂಟೆ ಬಿಸಿಲಲ್ಲಿ ಲಾಲ್‌ಬಾಗ್. ಅಲ್ಲಿಂದ ದೋಸೆಗೆ ಹೆಸರಾದ ಹೋಟೆಲು ವಿದ್ಯಾರ್ಥಿ ಭವನಕ್ಕೆ ಹೋದರೆ ಬಾಗಿಲು ಹಾಕಿತ್ತು. ಶುಕ್ರವಾರ ಅವರಿಗೆ ರಜಾ, ನಾನು ಯೋಚನೆಯನ್ನೇ ಮಾಡಿರಲಿಲ್ಲ. ಅತ್ತೆ ಬೇಜಾರು ಮಾಡಿಕೊಳ್ಳಲಿಲ್ಲ. "ಇರ್ಲಿ ಮಾರಾಯಾ, ನಂಗೆ ಹಸಿವೇ ಇಲ್ಲ" ಅಂದರು. ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಹಸಿವೇ ಇಲ್ಲದವರನ್ನು ದೋಸೆಗೆ ಕರೆದುಕೊಂಡು ಹೋಗಿದ್ದೆ!

ಅವತ್ತಿಂದ ಕ್ರಮ ಬದಲಾಯಿತು. ಮನೆಯಲ್ಲಿ ಬರೀ ಕಾಫಿ. ಆರು ಗಂಟೆಗೆ ಹೊರಡಬೇಕು. ಮೊದಲು ಪಾರ್ಕು, ನಡಿಗೆ. ಹೊಟ್ಟೆ ಚುರುಗುಟ್ಟಿದ ಮೇಲೆ ಹೋಟೆಲು. ಒಂದು ಬೆಳಗ್ಗೆಗೆ ಒಂದೇ ಪಾರ್ಕು, ಒಂದೇ ಹೋಟೆಲು.

ಮೊದಲ ದಿನ ಲಾಲ್‌ಬಾಗ್. ಪಶ್ಚಿಮದ ಗೇಟಲ್ಲಿ ಒಳಗೆ ಹೋಗಿ, ತೋಟ ದಾಟಿ, ಮಾವಳ್ಳಿ ಕಡೆಯ ಗೇಟಲ್ಲಿ ಹೊರಗೆ ಬರುವುದು. 1760ರಲ್ಲಿ ಹೈದರಾಲಿ ಮಾಡಿಸಲು ಶುರು ಮಾಡಿದ ತೋಟ ಇದು. ಈಗ 240 ಎಕರೆ. ಪೂರ್ತಿ ಸುತ್ತಿಸಬೇಕು ಅಂತ ಹಠ ಬೇಡ. ಗಾಜಿನ ಮನೆ ಎಲ್ಲರೂ ನೋಡಿಯೇ ನೋಡುತ್ತಾರೆ. 1889ರಲ್ಲಿ ಅದಕ್ಕೆ ಅಡಿಗಲ್ಲು ಇಟ್ಟರು. ನಾನು ಅಲ್ಲಿ ನಿಂತು ಹೇಳುವುದು ಸೀಮೆಬದನೆಕಾಯಿ ಕತೆ. ಆಗ ತೋಟ ನೋಡಿಕೊಳ್ಳುತ್ತಿದ್ದ ಜಾನ್ ಕ್ಯಾಮರೂನ್ ಅದನ್ನು ಇಲ್ಲಿ ಬೆಳೆಸಿ ಹರಡಿದವರು. ನಮ್ಮ ಮನೆಯ ಹುಳಿಗೆ ವಾರಕ್ಕೊಮ್ಮೆ ಬೀಳುವ ತರಕಾರಿ ಈ ತೋಟದಿಂದ ಊರಿಗೆ ಬಂತು ಅಂದರೆ ಹೆಂಗಸರು ತಕ್ಷಣ ಕಿವಿ ಕೊಡುತ್ತಾರೆ. ಆಮೇಲೆ ಬಂದ ಕ್ರುಂಬಿಗಲ್ ಜರ್ಮನಿಯವರು. ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳಬೇಕು ಅಂತ ಲೆಕ್ಕ ಹಾಕಿ ಊರಿನ ರಸ್ತೆಗಳಲ್ಲಿ ಮರ ನೆಡಿಸಿದವರು. ಬಂದವರ ಜೊತೆ ಮರ ನೋಡುತ್ತಾ ನಡೆಯುವಾಗ ಇದನ್ನು ಹೇಳದೆ ಇರಲು ನನಗೆ ಆಗುವುದಿಲ್ಲ.

ಕೊನೆಗೆ ಬಂಡೆ. ಇಲ್ಲಿ ಅರ್ಧ ಗಂಟೆಯಾದರೂ ಕೂರಿಸುತ್ತೇನೆ. ಮೇಲೆ ಕೆಂಪೇಗೌಡರ ಗೋಪುರ ಇದೆ, ಎಲ್ಲರೂ ಅದರ ಫೋಟೊ ತೆಗೆದುಕೊಳ್ಳುತ್ತಾರೆ. ನಾನು ಕಾಲ ಕೆಳಗಿನ ಕಲ್ಲು ಮುಟ್ಟಿ ನೋಡಿ ಅನ್ನುತ್ತೇನೆ. ಬೆಳಗಿನ ಹೊತ್ತು ತಣ್ಣಗಿರುತ್ತದೆ. ಬಗ್ಗಿ ನೋಡಿದರೆ ಕಪ್ಪು ಬಿಳಿ ಪಟ್ಟೆಗಳು, ಸೀರೆ ಅಂಚಿನ ಹಾಗೆ ಅಲೆಅಲೆಯಾಗಿ ಹೋಗಿರುತ್ತವೆ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ಭೂಗರ್ಭ ಇಲಾಖೆಯವರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಫಲಕ ಹಾಕಿದ್ದಾರೆ. ಮಕ್ಕಳು ಅದರ ಮೇಲೆ ಜಾರುಗುಪ್ಪೆ ಆಡುತ್ತಿರುತ್ತಾರೆ. ಆಡಲಿ, ನಾನೂ ಅಲ್ಲೇ ಆಡಿ ಬೆಳೆದವನು.

ಇಳಿದು ಹೊರಗೆ ಬಂದರೆ ಎಂ.ಟಿ.ಆರ್. ಹೋಟೆಲು ಹತ್ತಿರವೇ. ಸೋಮವಾರ ಬಿಟ್ಟು ಹೋಗಿ. 1924ರಲ್ಲಿ ಮಯ್ಯ ಸಹೋದರರು ಶುರು ಮಾಡಿದ್ದು. ನೆಂಟರಿಗೆ ರವೆ ಇಡ್ಲಿಯನ್ನೇ ಹೇಳಿಸುತ್ತೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂದಾಗ ರವೆಯಲ್ಲಿ ಮಾಡಿ ನೋಡಿದ ಇಡ್ಲಿ ಅದು. ಒಂದು ಇಡ್ಲಿ, ಸಾಗು, ಚಟ್ನಿ, ಮೇಲೆ ಬಿಸಿ ತುಪ್ಪ. ತುಪ್ಪವನ್ನು ಪೂರ್ತಿ ಸುರಿದುಕೊಳ್ಳಿ, ಉಳಿಸಬೇಡಿ.

ಎರಡನೇ ದಿನ ಬ್ಯೂಗಲ್ ರಾಕ್. ಹಳಬರು ಕಹಳೆ ಬಂಡೆ ಅಂತಲೂ ಅನ್ನುತ್ತಾರೆ. ಕಾವಲಿನವರು ಇಲ್ಲಿ ನಿಂತು ಕಹಳೆ ಊದುತ್ತಿದ್ದರಂತೆ. ಚಿಕ್ಕ ಪಾರ್ಕು. ಆದರೆ ದೊಡ್ಡ ದೊಡ್ಡ ಮರ, ಮರದ ತುಂಬಾ ಬಾವಲಿ. ಬಂಡೆ ಲಾಲ್‌ಬಾಗಿನ ಜಾತಿಯದೇ. ನಿನ್ನೆ ನೋಡಿದ್ದು ನೆನಪಿದ್ದರೆ ಪಟ್ಟೆ ಗುರುತು ಸಿಗುತ್ತದೆ. ಪಕ್ಕದಲ್ಲೇ ದೊಡ್ಡ ಗಣಪತಿ, ದೊಡ್ಡ ಬಸವಣ್ಣ. ಕೈ ಮುಗಿದು ಕೆಳಗೆ ನಡೆದರೆ ಗಾಂಧಿ ಬಜಾರ್. 1898ರ ಪ್ಲೇಗ್ ಆದ ಮೇಲೆ ಗಾಳಿ ಬೆಳಕು ಇರುವ ಬಡಾವಣೆ ಬೇಕು ಅಂತ ಬಸವನಗುಡಿಯನ್ನು ಕಟ್ಟಿದರು. ಅದಕ್ಕೇ ಇಲ್ಲಿ ನೇರ ರಸ್ತೆ, ನೆರಳು, ನಡೆಯಲು ಸುಖ.

ಆಗ ವಿದ್ಯಾರ್ಥಿ ಭವನ. 1943ರದ್ದು. ಶನಿವಾರ, ಭಾನುವಾರ ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು, ಆದ್ದರಿಂದ ನಾನು ಬುಧವಾರವೋ ಗುರುವಾರವೋ ಹೋಗುತ್ತೇನೆ. ಪರಿಚಯ ಇಲ್ಲದವರ ಜೊತೆ ಒಂದೇ ಟೇಬಲ್ಲಿಗೆ ಕೂರಬೇಕು, ಅದೂ ಚೆನ್ನ. ಗೋಡೆ ಮೇಲೆ ಸಾಹಿತಿಗಳ ಚಿತ್ರಗಳಿವೆ. ಪಂಚೆ ಉಟ್ಟವರು ಒಂದೇ ತೋಳಿನ ಮೇಲೆ ಹತ್ತಾರು ತಟ್ಟೆ ಜೋಡಿಸಿಕೊಂಡು ಅಡುಗೆಮನೆಯಿಂದ ಬರುತ್ತಾರೆ. ಅವರು ಬರುವಾಗ ಇಡೀ ಹಾಲ್ ಅವರ ಕೈಯನ್ನೇ ನೋಡುತ್ತದೆ. ದೋಸೆ ದಪ್ಪ. ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ನೀರು ಚಟ್ನಿಯನ್ನು ತಟ್ಟೆಗೆ ಸುರಿಸಿಕೊಂಡು, ಮೊದಲು ಅಂಚು ಮುರಿದು ಹಾಗೇ ತಿನ್ನಿ. ದೋಸೆ ಚಟ್ನಿ ಹೀರಿಕೊಂಡ ಮೇಲೆ ಆ ಗರಿ ಸಿಗುವುದಿಲ್ಲ.

ಹೊಟ್ಟೆ ತುಂಬಿದ ಮೇಲೆ ಸುಬ್ಬಮ್ಮನ ಅಂಗಡಿಯಲ್ಲಿ ಕೋಡುಬಳೆ, ಹುರಿಗಾಳು ಕಟ್ಟಿಸಿಕೊಂಡು ಮನೆಗೆ.

ಇನ್ನೊಂದು ದಿನ ಸಿಕ್ಕರೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. ಕೂರಲು ಜಾಗ ಇಲ್ಲ, ಸಾಂಬಾರೂ ಇಲ್ಲ. ಇಡ್ಲಿ, ವಡೆ, ಖಾರಾಭಾತ್, ಕೇಸರಿಭಾತ್, ಕಾಫಿ ಅಷ್ಟೇ. ಚಟ್ನಿ ಮಾತ್ರ ಎಷ್ಟು ಬೇಕಾದರೂ ಹಾಕುತ್ತಾರೆ. ಭಾನುವಾರ ರಜಾ. ರಸ್ತೆ ಬದಿ ನಿಂತು ತಿನ್ನಲು ವಯಸ್ಸಾದವರಿಗೆ ಕಷ್ಟ. ಅವರಿಗೆ ನಾನು ಮನೆಯಿಂದ ಮಡಚುವ ಕುರ್ಚಿ ತೆಗೆದುಕೊಂಡು ಹೋಗುತ್ತೇನೆ.

ಕಾರ್ತಿಕ ಮಾಸದ ಕಡೇ ಸೋಮವಾರದ ಹೊತ್ತಿಗೆ ಬಂದರೆ ಈ ಕ್ರಮವೆಲ್ಲ ಬದಿಗೆ. ಆಗ ಕಡಲೆಕಾಯಿ ಪರಿಷೆ, ಬುಲ್ ಟೆಂಪಲ್ ರಸ್ತೆ ತುಂಬಾ ಕಡಲೆಕಾಯಿ ರಾಶಿ. ಅತ್ತೆ ಎರಡನೇ ಸಲ ಬಂದಿದ್ದು ಪರಿಷೆಗೇ. ಹಿಂದಿನ ಭಾನುವಾರ ಸಂಜೆಯೇ ಹೋದೆವು. ಹಸಿ ಕಾಯಿ, ಹುರಿದದ್ದು, ಬೇಯಿಸಿದ್ದು ಮೂರೂ ರುಚಿ ನೋಡಿ, ಬೇಯಿಸಿದ್ದನ್ನು ಎರಡು ಸೇರು ಕೊಂಡರು. ಬ್ಯೂಗಲ್ ರಾಕ್ ಬಂಡೆ ಮೇಲೆ ಕೂತು ಒಂದೊಂದೇ ಸುಲಿದು ನನ್ನ ಕೈಗೆ ಹಾಕುತ್ತಾ, "ಈ ಸಲ ಹಸಿವಾಗಿದೆ ನೋಡು" ಅಂದರು.