ಡಾಫ್ನಿಯಾ ಮೇಲೆ ರಾಸಾಯನಿಕದ 48 ಗಂಟೆಯ ವಿಷಪರೀಕ್ಷೆ: ಮೈಸೂರು, ಮಂಡ್ಯದ ಲ್ಯಾಬ್‌ಗಳಿಗೆ

ನಂಜನಗೂಡು, ಹೂಟಗಳ್ಳಿ, ತೂಬಿನಕೆರೆ ಕಡೆಯ ಕಾರ್ಖಾನೆಗಳಲ್ಲಿ ಬಳಸುವ ಯಾವುದೇ ರಾಸಾಯನಿಕ ಕೆರೆಗೋ ಕಾಲುವೆಗೋ ಸೇರಿದರೆ ಅಲ್ಲಿನ ಸಣ್ಣ ಜೀವಿಗಳ ಗತಿ ಏನಾಗುತ್ತದೆ ಎಂದು ಅಂದಾಜು ಮಾಡಲು ಎಲ್ಲರೂ ಒಪ್ಪಿರುವ ದಾರಿ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ) ಮಾರ್ಗಸೂಚಿ 202ರ ಪರೀಕ್ಷೆ. ಸಿಹಿನೀರಿನ ಪುಟ್ಟ ಜೀವಿ ಡಾಫ್ನಿಯಾದ (ನೀರುಚಿಗಟ) ಮರಿಗಳನ್ನು ಬೇರೆ ಬೇರೆ ಸಾಂದ್ರತೆಯ ದ್ರಾವಣದಲ್ಲಿ 48 ಗಂಟೆ ಇಟ್ಟು, ಅರ್ಧದಷ್ಟು ಮರಿಗಳ ಈಜು ಯಾವ ಸಾಂದ್ರತೆಯಲ್ಲಿ ನಿಲ್ಲುತ್ತದೆ ಎಂದು ಲೆಕ್ಕ ಹಾಕುತ್ತೇವೆ. ಅದೇ ಇಸಿ50. ವಿಧಾನ ಸರಳ, ಆದರೆ ತಾಯಿ ಡಾಫ್ನಿಯಾಗಳು ಆರೋಗ್ಯವಾಗಿಲ್ಲದಿದ್ದರೆ ಬರುವ ಅಂಕಿಗೆ ಬೆಲೆಯಿಲ್ಲ.

ಮೊದಲು ನೀರು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಡಾಫ್ನಿಯಾವನ್ನು ಕೊಲ್ಲುತ್ತದೆ. ಬೋರ್‌ವೆಲ್ ನೀರಿನ ಗಡಸುತನ ಒಂದೊಂದು ಕಡೆ ಒಂದೊಂದು ಥರ. ಆದ್ದರಿಂದ ನೀರನ್ನು ನೀವೇ ತಯಾರಿಸಿಕೊಳ್ಳಿ. ವಾಹಕತೆ ಸೆಂಟಿಮೀಟರಿಗೆ 10 ಮೈಕ್ರೋಸೀಮೆನ್ಸ್ ಮೀರದ ಡಿಸ್ಟಿಲ್ಡ್ ನೀರು ಬೇಕು. ನಾಲ್ಕು ಲವಣಗಳನ್ನು ಬೇರೆ ಬೇರೆಯಾಗಿ, ತಲಾ 1 ಲೀಟರಿನಲ್ಲಿ ಕರಗಿಸಿ: ಕ್ಯಾಲ್ಸಿಯಂ ಕ್ಲೋರೈಡ್ (ಎರಡು ನೀರಿನ ಅಣುಗಳಿರುವುದು) 11.76 ಗ್ರಾಂ, ಮೆಗ್ನೀಷಿಯಂ ಸಲ್ಫೇಟ್ (ಏಳು ನೀರಿನ ಅಣುಗಳಿರುವುದು) 4.93 ಗ್ರಾಂ, ಸೋಡಿಯಂ ಬೈಕಾರ್ಬೊನೇಟ್ 2.59 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.23 ಗ್ರಾಂ. ಪ್ರತಿಯೊಂದರಿಂದ 25 ಮಿಲಿಲೀಟರ್ ತೆಗೆದು ಸೇರಿಸಿ 1 ಲೀಟರಿಗೆ ತುಂಬಿಸಿ, ಗಾಳಿ ಹಾಯಿಸಿ ಆಮ್ಲಜನಕ ತುಂಬಿಕೊಳ್ಳಲಿ. ಗಡಸುತನ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ ಸುಮಾರು 250 ಮಿಲಿಗ್ರಾಂ ಬರುತ್ತದೆ. ಲೋಹಗಳನ್ನು ಪರೀಕ್ಷಿಸುವಾಗ ಡಾಫ್ನಿಯಾ ಸಾಕಲು ಬಳಸುವ ಎಂ4, ಎಂ7 ಎಂಬ ಸಿದ್ಧಸೂತ್ರದ ದ್ರಾವಣ ಬಳಸಬೇಡಿ. ಅವುಗಳಲ್ಲಿರುವ ಇಡಿಟಿಎ ಲೋಹವನ್ನು ಹಿಡಿದುಕೊಂಡು ವಿಷವನ್ನು ಕಡಿಮೆ ತೋರಿಸುತ್ತದೆ.

ತಳಿ ಡಾಫ್ನಿಯಾ ಮ್ಯಾಗ್ನಾ. ಕೆರೆಯಿಂದ ಹಿಡಿದು ತಂದ ಮೊಯಿನಾ (ಡಾಫ್ನಿಯಾದ ಹತ್ತಿರದ ಇನ್ನೊಂದು ಜೀವಿ) ಮೇಲೆ ಮಾಡಿದ ಪರೀಕ್ಷೆ ಇಲ್ಲಿನ ಪರಿಸರಕ್ಕೆ ಉಪಯುಕ್ತವೇ, ಆದರೆ ಅದನ್ನು 202ರ ಫಲಿತಾಂಶ ಎಂದು ಬರೆಯುವಂತಿಲ್ಲ. ತಾಯಿಗಳಿಗೆ ಕ್ಲೋರೆಲ್ಲಾ ಪಾಚಿ ಕೊಟ್ಟು 20 ಡಿಗ್ರಿಯಲ್ಲಿ ಸಾಕಿ. ಗಂಡುಗಳು ಹುಟ್ಟುತ್ತಿದ್ದರೆ, ಬೆನ್ನಮೇಲೆ ಕಪ್ಪು ತಡಿಯಂಥ ವಿಶ್ರಾಂತ ಮೊಟ್ಟೆಗಳು ಕಂಡರೆ, ಮೈಬಣ್ಣ ಮಾಸಿದರೆ, ಮೊದಲ ಮರಿಗಳು ತಡವಾಗಿ ಬಂದರೆ ಸಾಕಣೆಯಲ್ಲಿ ಏನೋ ಕೆಟ್ಟಿದೆ ಎಂದರ್ಥ. ಹೆಚ್ಚಾಗಿ ಕಾರಣ ಡಾಫ್ನಿಯಾಗಳ ದಟ್ಟಣೆ ಇಲ್ಲವೇ ಆಹಾರದ ಕೊರತೆ. ಆ ತಂಡದಿಂದ ಮರಿ ತೆಗೆಯಬೇಡಿ. ಸಾಕುವ ನೀರೂ ಪರೀಕ್ಷೆಯ ನೀರೂ ಬೇರೆಯಾದರೆ ತಾಯಿಗಳನ್ನು ಕನಿಷ್ಠ 48 ಗಂಟೆ ಪರೀಕ್ಷೆಯ ನೀರಿನಲ್ಲಿ ಇಟ್ಟಿರಿ.

ಹಿಂದಿನ ಸಂಜೆ ಮೊಟ್ಟೆ ತುಂಬಿದ ತಾಯಿಗಳನ್ನು ಬೇರೆ ಬೀಕರಿಗೆ ಹಾಕಿದರೆ ಬೆಳಿಗ್ಗೆ ಸಿಗುವ ಮರಿಗಳ ವಯಸ್ಸು ಖಂಡಿತ 24 ಗಂಟೆಯೊಳಗಿರುತ್ತದೆ. ತಾಯಿಯ ಮೊದಲ ಸೂಲಿನ ಮರಿಗಳು ಬೇಡ.

ಎಷ್ಟು ಸಾಂದ್ರತೆಯಲ್ಲಿ ವಿಷ ಎಂದು ತಿಳಿಯದಿದ್ದರೆ ಲೀಟರಿಗೆ 0.1, 1, 10, 100 ಮಿಲಿಗ್ರಾಂನಲ್ಲಿ ತಲಾ ಐದು ಮರಿ ಹಾಕಿ ಮೊದಲು ನೋಡಿ. ಆಮೇಲಿನ ನಿಜವಾದ ಪರೀಕ್ಷೆಗೆ ಕನಿಷ್ಠ ಐದು ಸಾಂದ್ರತೆ ಬೇಕು, ಒಂದರಿಂದ ಇನ್ನೊಂದಕ್ಕೆ 2.2 ಪಟ್ಟಿಗಿಂತ ಹೆಚ್ಚು ಅಂತರ ಬೇಡ. ಪ್ರತಿ ಸಾಂದ್ರತೆಗೂ, ರಾಸಾಯನಿಕವಿಲ್ಲದ ಕಂಟ್ರೋಲಿಗೂ ನಾಲ್ಕು ನಾಲ್ಕು ಬೀಕರ್. ಪ್ರತಿ 50 ಮಿಲಿಲೀಟರ್ ಬೀಕರಿನಲ್ಲಿ 20 ಮಿಲಿಲೀಟರ್ ದ್ರಾವಣ, ಐದು ಮರಿ. ರಾಸಾಯನಿಕ ನೀರಿನಲ್ಲಿ ಕರಗದೆ ದ್ರಾವಕ ಬಳಸಿದರೆ ಅದು ಲೀಟರಿಗೆ 0.1 ಮಿಲಿಲೀಟರ್ ಮೀರಬಾರದು, ದ್ರಾವಕ ಮಾತ್ರ ಹಾಕಿದ ಪ್ರತ್ಯೇಕ ಕಂಟ್ರೋಲ್ ಇಡಲೇಬೇಕು.

ಮರಿಗಳನ್ನು ಬಾಯಿ ಅಗಲವಿರುವ ಗಾಜಿನ ಪಿಪೆಟ್‌ನಿಂದ ನೀರಿನ ಮೇಲ್ಮೈ ಕೆಳಗೆ ಬಿಡಿ. ಮೇಲಿಂದ ಹನಿಸಿದರೆ ಚಿಪ್ಪಿನೊಳಗೆ ಗಾಳಿ ಸಿಕ್ಕಿ ಮರಿ ತೇಲುತ್ತದೆ. ತೇಲಿದ್ದನ್ನು ಆರಂಭದಲ್ಲೇ ಬದಲಿಸಿ, ಇಲ್ಲದಿದ್ದರೆ ಕೊನೆಯಲ್ಲಿ ಅದು ವಿಷದಿಂದ ನಿಂತಿದ್ದೋ ಗಾಳಿಯಿಂದಲೋ ಹೇಳಲಾಗದು. 48 ಗಂಟೆ ಆಹಾರ ಹಾಕುವಂತಿಲ್ಲ, ಗಾಳಿ ಹಾಯಿಸುವಂತಿಲ್ಲ, ಪಿಎಚ್ ಸರಿಮಾಡುವಂತಿಲ್ಲ. ತಾಪಮಾನ 18ರಿಂದ 22 ಡಿಗ್ರಿಯೊಳಗೆ, ಏರಿಳಿತ ಒಂದು ಡಿಗ್ರಿಯಷ್ಟೇ. ಏಪ್ರಿಲ್ ಬಿಸಿಲಿನಲ್ಲಿ ಇಲ್ಲಿ ತಂಪನ್ನು ಒಂದೇ ಮಟ್ಟದಲ್ಲಿಡುವ ಬಿಒಡಿ ಇನ್‌ಕ್ಯುಬೇಟರ್ ಇಲ್ಲದೆ ಆಗದು, ಕರೆಂಟ್ ಹೋದಾಗ ಅದು ನಡೆಯಲು ಬ್ಯಾಕಪ್ ಇರಲಿ. ಬೆಳಕು 16 ಗಂಟೆ, ಕತ್ತಲು 8 ಗಂಟೆ. ಪೂರ್ತಿ ಕತ್ತಲೂ ಆಗಬಹುದು.

24 ಮತ್ತು 48 ಗಂಟೆಗೆ ಬೀಕರನ್ನು ಮೆಲ್ಲಗೆ ಅಲುಗಿಸಿ 15 ಸೆಕೆಂಡ್ ನೋಡಿ. ಈಜದ ಮರಿ ನಿಂತ ಮರಿ, ಅದರ ಮೀಸೆ ಅಲುಗುತ್ತಿದ್ದರೂ ಸರಿ. ಇಲ್ಲಿ ಕರುಣೆ ತೋರಿಸಿ "ಜೀವ ಇದೆ" ಎಂದು ಬಿಟ್ಟರೆ ಇಸಿ50 ಮೇಲಕ್ಕೆ ಸರಿದು ರಾಸಾಯನಿಕ ನಿರಪಾಯಕಾರಿಯಂತೆ ಕಾಣುತ್ತದೆ.

ಕಂಟ್ರೋಲಿನಲ್ಲಿ ಶೇ. 10ಕ್ಕಿಂತ ಹೆಚ್ಚು ಮರಿ ನಿಂತಿದ್ದರೆ, ಅಂದರೆ 20ರಲ್ಲಿ ಮೂರು ಅಥವಾ ಹೆಚ್ಚು, ಇಡೀ ಪರೀಕ್ಷೆ ರದ್ದು. ಕೊನೆಯಲ್ಲಿ ಆಮ್ಲಜನಕ ಕಂಟ್ರೋಲಿನಲ್ಲೂ ಪರೀಕ್ಷೆಯ ಬೀಕರುಗಳಲ್ಲೂ ಲೀಟರಿಗೆ 3 ಮಿಲಿಗ್ರಾಂಗಿಂತ ಕಡಿಮೆ ಇರಬಾರದು. ರಾಸಾಯನಿಕದ ಸಾಂದ್ರತೆಯನ್ನೂ ಮೊದಲು ಕೊನೆ ಅಳೆಯಿರಿ. ಆವಿಯಾಗುವಂಥದ್ದು, ಗಾಜಿಗೆ ಅಂಟುವಂಥದ್ದು ಹಾಕಿದಷ್ಟು ಇರುವುದಿಲ್ಲ. ವ್ಯತ್ಯಾಸ ಶೇ. 20 ದಾಟಿದರೆ ಅಳೆದ ಸಾಂದ್ರತೆಯಿಂದಲೇ ಲೆಕ್ಕ ಮಾಡಿ. ಆವಿಯಾಗುವ ವಸ್ತುವಿಗೆ ಮೇಲೆ ಗಾಳಿಯಿಲ್ಲದಂತೆ ಪೂರ್ತಿ ತುಂಬಿ ಮುಚ್ಚುವ ಬಾಟಲಿ ಬಳಸಿ.

ಲೆಕ್ಕಕ್ಕೆ ಪ್ರಾಬಿಟ್ ವಿಧಾನ (ಸಾಂದ್ರತೆಗೂ ನಿಂತ ಮರಿಗಳ ಪ್ರಮಾಣಕ್ಕೂ ಇರುವ ಸಂಬಂಧವನ್ನು ಗೆರೆಗೆ ಹೊಂದಿಸುವ ಸಂಖ್ಯಾಶಾಸ್ತ್ರದ ವಿಧಾನ) ಸಾಕು. ನಡುವೆ ಭಾಗಶಃ ಪರಿಣಾಮವೇ ಇಲ್ಲದೆ ಲೀಟರಿಗೆ 1.0 ಮಿಲಿಗ್ರಾಂನಲ್ಲಿ ಯಾವುದೂ ನಿಲ್ಲದೆ 1.8ರಲ್ಲಿ ಎಲ್ಲವೂ ನಿಂತರೆ ಎರಡರ ಗುಣಲಬ್ಧದ ವರ್ಗಮೂಲ, 1.34, ಅಂದಾಜು ಇಸಿ50. ಇಸಿ50 ಲೀಟರಿಗೆ 1 ಮಿಲಿಗ್ರಾಂವರೆಗೆ ಇದ್ದರೆ ರಾಸಾಯನಿಕಗಳ ಜಾಗತಿಕ ವರ್ಗೀಕರಣದಲ್ಲಿ (ಜಿಎಚ್‌ಎಸ್) ತೀವ್ರ ವಿಷದ ವರ್ಗ 1, 10ರವರೆಗೆ ವರ್ಗ 2, 100ರವರೆಗೆ ವರ್ಗ 3.

ಆಗಾಗ, ವಿಷದ ಮಟ್ಟ ಮೊದಲೇ ತಿಳಿದಿರುವ ಪೊಟ್ಯಾಸಿಯಂ ಡೈಕ್ರೋಮೇಟ್‌ನಿಂದ ಪರೀಕ್ಷಿಸಿ ಮರಿಗಳನ್ನೇ ತಪಾಸಣೆ ಮಾಡಿ. ಲೀಟರಿಗೆ 100 ಮಿಲಿಗ್ರಾಂ ದ್ರಾವಣದಿಂದ 0.64, 1.12, 2, 3.6, 6.4 ಮಿಲಿಲೀಟರ್ ತೆಗೆದು ಒಂದೊಂದನ್ನೂ 200ಕ್ಕೆ ತುಂಬಿಸಿದರೆ ಲೀಟರಿಗೆ 0.32ರಿಂದ 3.2 ಮಿಲಿಗ್ರಾಂನ ಸಾಲು ಸಿಗುತ್ತದೆ. 24 ಗಂಟೆಯ ಇಸಿ50 ಲೀಟರಿಗೆ 0.6ರಿಂದ 2.1 ಮಿಲಿಗ್ರಾಂ ನಡುವೆ ಬರಬೇಕು. ಕೈಗವಸು ಹಾಕಿಕೊಂಡೇ ಮುಟ್ಟಿ. ಉಳಿದ ದ್ರಾವಣವನ್ನು ಸಿಂಕಿಗೆ ಚೆಲ್ಲದೆ ಚೀಟಿ ಅಂಟಿಸಿದ ಕ್ಯಾನಿನಲ್ಲಿ ಕೂಡಿಟ್ಟು, ಅಪಾಯಕಾರಿ ತ್ಯಾಜ್ಯ ಸಾಗಿಸಲು ಪರವಾನಗಿ ಇರುವವರಿಗೆ ಕೊಡಿ.