ಬರ್ನ್‌ಹ್ಯಾಮ್ ಕಚೇರಿಯ ಕಟ್ಟಡಗಳನ್ನು ಮೈಸೂರಿನಲ್ಲಿದ್ದುಕೊಂಡು ಅಧ್ಯಯನ ಮಾಡುವ ಕ್ರಮ

ಶಿಕಾಗೋ ನಗರದ ಡಿ. ಎಚ್. ಬರ್ನ್‌ಹ್ಯಾಮ್ ಅಂಡ್ ಕಂಪನಿ ಎಂಬ ಕಟ್ಟಡ ವಿನ್ಯಾಸ ಕಚೇರಿಯ ಬಗ್ಗೆ ಪ್ರಬಂಧ ಬರೆಯಹೊರಟ ವಾಸ್ತುಶಿಲ್ಪ ವಿದ್ಯಾರ್ಥಿಗಳು ಮುಂಭಾಗದ ಚಿತ್ರಗಳನ್ನು ಪಕ್ಕಕ್ಕಿಟ್ಟು, ಆ ಕಚೇರಿಯಲ್ಲಿ ಯಾವಾಗ ಯಾರಿದ್ದರು ಎಂಬುದನ್ನು ಮೊದಲು ಬರೆದುಕೊಳ್ಳಬೇಕು. ಡೇನಿಯಲ್ ಬರ್ನ್‌ಹ್ಯಾಮ್ ಮತ್ತು ಜಾನ್ ವೆಲ್‌ಬಾರ್ನ್ ರೂಟ್ 1873ರಲ್ಲಿ ಆರಂಭಿಸಿದ ಪಾಲುದಾರಿಕೆ 1891ರಲ್ಲಿ ರೂಟ್ ನಿಧನರಾದಾಗ ಮುಗಿಯಿತು. ಬಳಿಕ ವಿನ್ಯಾಸದ ಹೊಣೆ ಹೊತ್ತ ಚಾರ್ಲ್ಸ್ ಅಟ್‌ವುಡ್ 1895ರಲ್ಲಿ ತೀರಿಕೊಂಡರು. ನ್ಯೂಯಾರ್ಕಿನ ಫ್ಲಾಟ್‌ಐರನ್ ಕಟ್ಟಡದ ವಿನ್ಯಾಸದಲ್ಲಿ ಫ್ರೆಡರಿಕ್ ಡಿಂಕಲ್‌ಬರ್ಗ್ ಅವರ ಕೈ ಕಾಣುತ್ತದೆ. ಹೀಗಿರುವಾಗ ‘ಬರ್ನ್‌ಹ್ಯಾಮ್ ಶೈಲಿ’ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುವುದು ಸರಿಯಲ್ಲ.

ಅನಂತರ ಭಾರ ಹೊರುವುದು ಯಾವುದು ಎಂದು ನೋಡಬೇಕು. 1891ರ ಮೊನಾಡ್‌ನಾಕ್ ಕಟ್ಟಡದ ಉತ್ತರ ಭಾಗದ ಹದಿನಾರು ಅಂತಸ್ತುಗಳನ್ನು ಇಟ್ಟಿಗೆ ಗೋಡೆಯೇ ಹೊತ್ತಿದೆ; ಬುಡದಲ್ಲಿ ಆ ಗೋಡೆಯ ದಪ್ಪ ಸುಮಾರು ಆರು ಅಡಿ. 1902ರ ಫ್ಲಾಟ್‌ಐರನ್‌ನಲ್ಲಾದರೋ ಭಾರವೆಲ್ಲ ಉಕ್ಕಿನ ಚೌಕಟ್ಟಿನ ಮೇಲಿದ್ದು, ಕಲ್ಲು ಮತ್ತು ಟೆರಾಕೋಟಾ (ಸುಟ್ಟ ಜೇಡಿಮಣ್ಣು) ಕೇವಲ ಹೊದಿಕೆಯಾಗಿವೆ. ಈ ವ್ಯತ್ಯಾಸ ಪುಸ್ತಕದಿಂದ ಮನಸ್ಸಿಗೆ ಹತ್ತುವುದು ಕಷ್ಟ. ಹೆನ್ರಿ ಇರ್ವಿನ್ ವಿನ್ಯಾಸದಂತೆ 1897ರಿಂದ 1912ರವರೆಗೆ, ಅಂದರೆ ಸರಿಸುಮಾರು ಅದೇ ಕಾಲದಲ್ಲಿ, ಕಟ್ಟಲಾದ ಮೈಸೂರಿನ ಅಂಬಾವಿಲಾಸ ಅರಮನೆಯ ಕಲ್ಯಾಣ ಮಂಟಪದಲ್ಲಿ ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬಗಳು ಎದ್ದು ಕಾಣುತ್ತವೆ. ಅಲ್ಲಿ ನಿಂತು ಕಂಬ, ಕಮಾನು, ಗಾಜಿನ ಛಾವಣಿಗಳ ಸಂಬಂಧವನ್ನು ಪೆನ್ಸಿಲ್ಲಿನಲ್ಲಿ ಗುರುತಿಸಿಕೊಂಡರೆ, ಫ್ಲಾಟ್‌ಐರನ್‌ನ ಹೊದಿಕೆಯೊಳಗೆ ಅಡಗಿರುವ ಲೋಹದ ಅಸ್ಥಿಪಂಜರವನ್ನು ಊಹಿಸುವುದು ಸುಲಭವಾಗುತ್ತದೆ.

ಮೂರನೆಯದಾಗಿ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ, ಬೆಳಕಿನ ಜಾಡು ಹಿಡಿಯಬೇಕು. ವಿದ್ಯುತ್ ದೀಪ ಮಂಕಾಗಿದ್ದ ಆ ಕಾಲದಲ್ಲಿ ಹಗಲು ಬೆಳಕಿಲ್ಲದ ಕೋಣೆಗೆ ಒಳ್ಳೆಯ ಬಾಡಿಗೆ ಹುಟ್ಟುತ್ತಿರಲಿಲ್ಲವಾದ್ದರಿಂದ, ಶಿಕಾಗೋದಲ್ಲಿ ಈ ಕಚೇರಿ ಕಟ್ಟಿದ 1888ರ ರೂಕರಿಯಲ್ಲಿಯೂ 1904ರ ರೈಲ್ವೆ ಎಕ್ಸ್‌ಚೇಂಜ್‌ನಲ್ಲಿಯೂ ನಡುವೆ ತೊಟ್ಟಿಮನೆಯ ತೊಟ್ಟಿಯಂತೆ ಬಯಲು ಬಿಟ್ಟು ಸುತ್ತಲೂ ಕೋಣೆಗಳನ್ನು ಜೋಡಿಸಲಾಯಿತು. ಈ ಎರಡು ಕಟ್ಟಡಗಳಲ್ಲಿ ಬರ್ನ್‌ಹ್ಯಾಮ್ ತಮ್ಮ ಕಚೇರಿಯನ್ನೇ ನಡೆಸಿದ್ದರಿಂದ ಅಧ್ಯಯನಕ್ಕೆ ಇವನ್ನೇ ಮೊದಲು ಆರಿಸಿಕೊಳ್ಳುವುದು ಒಳಿತು. ಆದರೆ ರೂಕರಿಯ ಒಳಾಂಗಣವನ್ನು 1905ರಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಮಾರ್ಪಡಿಸಿದ್ದಾರೆ. ಅಲ್ಲಿನ ಅಮೃತಶಿಲೆಯ ಅಲಂಕಾರವನ್ನು ರೂಟ್ ಲೆಕ್ಕಕ್ಕೆ ಬರೆಯಬಾರದು.

ಕೊನೆಗೆ ಎಲ್ಲ ಕಟ್ಟಡಗಳ ಪ್ಲಾನುಗಳನ್ನು ಒಂದೇ ಅಳತೆಗೆ ಇಳಿಸಿ, ಭಾರ ಹೊರುವ ಭಾಗಕ್ಕೆ ಕಪ್ಪು, ಹೊದಿಕೆಗೆ ಕೆಂಪು, ಬೆಳಕಿನ ಬಯಲಿಗೆ ಹಳದಿ ಬಣ್ಣ ತುಂಬಿ, ಪ್ರತಿ ಹಾಳೆಯ ಕೆಳಗೆ ವರ್ಷ, ವಿನ್ಯಾಸಕಾರರ ಹೆಸರು ಮತ್ತು ಮುಂದಿನ ಮಾರ್ಪಾಡುಗಳನ್ನು ನಮೂದಿಸಿ, ಕಾಲಾನುಕ್ರಮದಲ್ಲಿ ಗೋಡೆಗೆ ಅಂಟಿಸಬೇಕು. ಪ್ರಬಂಧದ ಮೊದಲ ಸಾಲನ್ನು ಅದಾದ ಮೇಲೆಯೇ ಬರೆಯತೊಡಗಬೇಕು.